ಒಂದಿಂಚಿನ ದರ್ಜಿಯ ಹಲ್ಲಚ್ಚು

ಆ ದರ್ಜಿಯನ್ನು ಎಲ್ಲರೂ ಕರೆಯುತ್ತಿದ್ದದ್ದು ಒಂದಿಂಚು ಎಂದೇ. ಯಾರ ಬಟ್ಟೆ ಹೊಲಿದರೂ ಒಳಗೆ ಒಂದಿಂಚು ಮಡಿಸಿ ಬಿಡುವುದು ಅವನ ಪದ್ಧತಿ. ಮುಂದೆ ಮೈ ಬಂದರೆ ಬಿಚ್ಚಿಸಿಕೊಳ್ಳಿ, ಬರದಿದ್ದರೆ ನನ್ನ ಬೈದುಕೊಳ್ಳಿ ಎನ್ನುತ್ತಿದ್ದ.

ಅಂಗಡಿಯ ಮೇಲಿನ ಮಹಡಿಯಲ್ಲಿ ಹಲ್ಲಿನ ಆಸ್ಪತ್ರೆ. ಅಲ್ಲಿ ಹಲ್ಲಿನ ಅಚ್ಚು ತೆಗೆಯುವ ಯುವಕನೊಬ್ಬನಿದ್ದ. ನೆಂಟರ ಮುಂದೆ ತಾನು ವೈದ್ಯಕೀಯ ಕ್ಷೇತ್ರದಲ್ಲಿದ್ದೇನೆ ಎಂದು ಗಂಭೀರವಾಗಿ ಹೇಳಿಕೊಳ್ಳುತ್ತಿದ್ದ. ನಿಜದಲ್ಲಿ ದಿನವಿಡೀ ರಬ್ಬರ್ ಬಟ್ಟಲಲ್ಲಿ ಪ್ಲಾಸ್ಟರ್ ಕಲಸಿ, ಸಂಜೆ ಹುಬ್ಬಿನವರೆಗೂ ಬೆಳ್ಳಗಾಗಿ ಮೆಟ್ಟಿಲಿಳಿಯುತ್ತಿದ್ದ. ಒಂದಿಂಚು ಅವನಿಗೆ ಗಾರೆಯವನು ಎಂದು ಹೆಸರಿಟ್ಟಿದ್ದ. ಗಾರೆಯವನೂ ತಕರಾರು ಮಾಡಲಿಲ್ಲ. ಗೋಡೆಯಾದರೂ ನೆಟ್ಟಗೆ ನಿಲ್ಲುತ್ತದೆ, ತನ್ನ ಅಚ್ಚುಗಳಲ್ಲಿ ಅರ್ಧಕ್ಕರ್ಧ ಒಡೆಯುತ್ತವೆ ಎಂಬುದು ಅವನಿಗೇ ಗೊತ್ತಿತ್ತು.

ಒಂದಿಂಚಿನ ಮೇಲ್ದವಡೆಯ ಮುಂದಿನ ಹಲ್ಲಿನಲ್ಲಿ ಸಣ್ಣದೊಂದು ಕಚ್ಚು ಇತ್ತು. ದಾರ ಕಚ್ಚಿ ಕಚ್ಚಿ ಸವೆದದ್ದು. ಒಮ್ಮೆ ಹುಳುಕು ಹಲ್ಲಿನ ನೋವಿಗೆ ಮೇಲೆ ಬಂದಾಗ ಡಾಕ್ಟರಮ್ಮ ಬಲಗಡೆಯ ಕೆಳದವಡೆಯ ಹಲ್ಲು ಕಿತ್ತು, ಆ ಕಚ್ಚನ್ನೂ ತುಂಬಿಬಿಡಲೇ ಎಂದು ಕೇಳಿದರು. ಬೇಡವೆಂದ, ಕತ್ತರಿ ಕೈಗೆ ಸಿಗದಾಗ ಅದೇ ಅವನ ಕತ್ತರಿ. ಯಾವ ಕಸುಬಿನವರ ಹಲ್ಲು ಹೇಗೆ ಸವೆಯುತ್ತದೆ ಎಂದು ಡಾಕ್ಟರಮ್ಮ ಕಾಲೇಜಿನಲ್ಲಿ ಅಧ್ಯಯನ ನಡೆಸುತ್ತಿದ್ದರು. ಅವನನ್ನು ಒಪ್ಪಿಸಿ, ಗಾಯ ಮಾಗಿದ ಮೇಲೆ ಗಾರೆಯವನಿಂದ ಅಚ್ಚು ತೆಗೆಸಿದರು. ಬಾಯಿಂದ ಅಂಟಿನ ಮುದ್ದೆ ತೆಗೆದದ್ದೇ ತಡ, ಒಂದಿಂಚು ಕೇಳಿದ: "ನಾನು ನಾಲ್ಕನೇ ಕ್ಲಾಸು ದಾಟಲಿಲ್ಲ. ನನ್ನ ಹಲ್ಲು ಕಾಲೇಜಿಗೆ ಹೋಗತ್ತಾ, ಗಾರೆಯವನೇ?"

"ಪರೀಕ್ಷೆ ಇಲ್ಲದೆ ಸೀಟು ಸಿಕ್ಕಿದೆ, ಬಾಯಿ ಮುಚ್ಕೊಂಡು ಹೋಗಪ್ಪ."

ತಾಯಿ ಹೋದ ಮೇಲೆ ಒಂದಿಂಚನ್ನು ಎತ್ತಿ ಆಡಿಸಿ ಬೆಳೆಸಿದ್ದು ಅವನ ಅಕ್ಕ. ಮಧ್ಯಾಹ್ನ ಬುತ್ತಿ ತಂದು, ಅವನು ಉಣ್ಣುವವರೆಗೆ ಗುಂಡಿ ಹೊಲಿಯುತ್ತ ಕೂರುತ್ತಿದ್ದಳು. ಗಾರೆಯವನನ್ನೂ ತಮ್ಮಾ ಎಂದೇ ಕರೆಯುತ್ತಿದ್ದಳು.

ಹಲ್ಲಿನ ಆಸ್ಪತ್ರೆಗೆ ರಜೆಯಿದ್ದ ದಿನ ಅಂಗಡಿಗೆ ಬೆಂಕಿ ಬಿತ್ತು. ಕೆಳಗಿನದೂ ಮೇಲಿನದೂ ಬೂದಿಯಾಯಿತು. ಅಂಗಡಿಯಲ್ಲಿದ್ದವರು ಇಬ್ಬರು: ಒಂದಿಂಚು, ಮತ್ತು ಅವನ ಜೊತೆ ಹೊಲಿಯುತ್ತಿದ್ದ ಇನ್ನೊಬ್ಬ ದರ್ಜಿ. ಮೈಕಟ್ಟು ಇಬ್ಬರದೂ ಒಂದೇ. ಒಬ್ಬ ಸತ್ತ. ಇನ್ನೊಬ್ಬನನ್ನು ದೊಡ್ಡಾಸ್ಪತ್ರೆಗೆ ಸೇರಿಸಿದರು. ಮುಖವೆಲ್ಲ ಪಟ್ಟಿ, ಔಷಧಿಯ ಮಂಪರು, ಮಾತಿಲ್ಲ. ಒದ್ದೆ ಹತ್ತಿಯಿಂದ ತುಟಿ ತೇವ ಮಾಡುವಾಗ ಅಕ್ಕನಿಗೆ ಹಲ್ಲಿನ ಕಚ್ಚು ಕಂಡಿತು. ನಮ್ಮವನೇ ಎಂದಳು. ಆಮೇಲೆ ಹಾಸಿಗೆಯ ಪಕ್ಕದಿಂದ ಏಳಲಿಲ್ಲ.

ಇನ್ನೊಬ್ಬ ದರ್ಜಿಯ ಹೆಂಡತಿ ದೂರದಿಂದ ಬಂದವಳು ಅದೇ ಕಚ್ಚು ನೋಡಿ, ನಮ್ಮ ಯಜಮಾನರು ಎಂದಳು. ಒಂದೇ ಕೋಣೆಯಲ್ಲಿ ಕೂತು ದರ್ಜಿಗಳಿಬ್ಬರೂ ದಾರ ಕಚ್ಚಿದವರೆಂಬುದು ಇಬ್ಬರು ಹೆಂಗಸರಿಗೂ ಹೊಳೆದಿರಲಿಲ್ಲ. ಹೊಳೆದಿದ್ದರೂ ಬೇಕಾಗಿರಲಿಲ್ಲ.

ಒಂದಿಂಚಿನ ಅಚ್ಚು ಮಾತ್ರ ಕಾಲೇಜಿನಲ್ಲಿ ಉಳಿದಿತ್ತು. ಗಾರೆಯವನು ಅದನ್ನು ಕರ್ಚೀಫಿನಲ್ಲಿ ಸುತ್ತಿ, ಬಸ್ಸಿನುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಡಾಕ್ಟರಮ್ಮನ ಹಿಂದೆ ಬಂದ. ಅಕ್ಕ ಬಾಗಿಲಲ್ಲೇ ಅವನ ಕೈ ಹಿಡಿದಳು. "ನೀನೇ ಮಾಡಿದ್ದಲ್ವಾ ತಮ್ಮಾ? ನೋಡ್ಕೊಂಡು ಇವನೇ ಅಂತ ಹೇಳ್ಬಿಡು." ಬೆಂಚಿನ ಆ ತುದಿಯಲ್ಲಿ ಹೆಂಡತಿ ನೆಲ ನೋಡುತ್ತ ಕೂತಿದ್ದಳು.

ಟಾರ್ಚು ಹಿಡಿದ ಗಾರೆಯವನಿಗೆ ಮೊದಲು ಕಂಡದ್ದು ಕಚ್ಚು. ಎದೆ ಹಗುರಾಯಿತು. ಡಾಕ್ಟರಮ್ಮ ಪುಟ್ಟ ಕನ್ನಡಿಯಿಂದ ಬಲಗೆನ್ನೆಯನ್ನು ಮೆಲ್ಲಗೆ ಸರಿಸಿದರು. ಅಚ್ಚಿನಲ್ಲಿ ಖಾಲಿಯಿದ್ದ ಜಾಗದಲ್ಲಿ ಇಲ್ಲಿ ಹಲ್ಲು ಗಟ್ಟಿಯಾಗಿ ಕೂತಿತ್ತು. ಕೆಲಸದಲ್ಲಿ ಅವನು ಮಾಡಿದ ಎಡವಟ್ಟುಗಳಿಗೆ ಲೆಕ್ಕವಿರಲಿಲ್ಲ. ಇದೂ ಅದರಲ್ಲೊಂದಾಗಿರಲಿ ಎಂದು ಬೇಡಿಕೊಂಡ. ಆದರೆ ಆ ಹಲ್ಲು ಕಿತ್ತ ಕೈ ಪಕ್ಕದಲ್ಲೇ ಕನ್ನಡಿ ಹಿಡಿದು ನಿಂತಿತ್ತು. ಕಿತ್ತ ಹಲ್ಲು ಮತ್ತೆ ಬರುವುದಿಲ್ಲ.

ಡಾಕ್ಟರಮ್ಮನೂ ಗಾರೆಯವನೂ ಶವಾಗಾರಕ್ಕೆ ಹೋದರು. ಅಲ್ಲಿ ಕಚ್ಚೂ ಖಾಲಿ ಜಾಗವೂ ಉಳಿದ ಹಲ್ಲುಗಳ ಸಾಲೂ ಅಚ್ಚಿಗೆ ಹೊಂದಿದವು.

ತಿರುಗಿ ಬಂದು ಡಾಕ್ಟರಮ್ಮ ನಿಧಾನವಾಗಿ ವಿವರಿಸಿದರು. ಅಕ್ಕ ಅವರ ಮುಖ ನೋಡಲಿಲ್ಲ. "ನಿನ್ನ ಅಚ್ಚು ಯಾವಾಗಲೂ ಕೆಡತ್ತೆ ಅಂತ ಅವನು ನಗ್ತಿದ್ದ. ಇದೂ ಕೆಟ್ಟಿರಬಹುದಲ್ವಾ ತಮ್ಮಾ?"

"ಇಲ್ಲ ಅಕ್ಕ. ಇದು ಚೆನ್ನಾಗಿ ಬಂದಿತ್ತು."

ಅವಳು ಅಚ್ಚು ಕೇಳಿ ತೆಗೆದುಕೊಂಡಳು. ಕಚ್ಚಿನ ಮೇಲೆ ಬೆರಳಾಡಿಸಿದಳು, ದಾರದ ತುದಿ ಹುಡುಕುವವಳ ಹಾಗೆ. ಆಮೇಲೆ ಒಳಗೆ ಹೋಗಿ, ಹತ್ತಿಯ ಬಟ್ಟಲು ತಂದು ಆ ಹೆಂಡತಿಯ ಕೈಗಿಟ್ಟಳು.

"ಕೆಳತುಟಿ ಬಿರಿದಿದೆ ತಂಗಿ, ಒತ್ತಬೇಡ. ಮೇಲಿಂದ ಹನಿ ಬಿಟ್ರೆ ಸಾಕು, ತಾನಾಗೇ ಇಳಿಯತ್ತೆ."

ಗಾರೆಯವನ ಕರ್ಚೀಫಿನಲ್ಲೇ ಅಚ್ಚನ್ನು ಮತ್ತೆ ಸುತ್ತಿಕೊಂಡಳು. "ನಡಿ ತಮ್ಮಾ, ಅವನೆಲ್ಲಿದಾನೆ ತೋರಿಸು."