ಮೆಣಸಿನ ಗಿಡಕ್ಕೆ ಕಸದ ಎಣ್ಣೆ

ನನಗೆ ಅಕ್ಷರ ಕೂಡುವುದಿಲ್ಲ. ಕೈಗಳೂ ನನ್ನ ಮಾತು ಕೇಳುವುದಿಲ್ಲ. ಮೊದಲನೆಯದು ಡಿಸ್‌ಲೆಕ್ಸಿಯಾ, ಎರಡನೆಯದು ಡಿಸ್‌ಪ್ರಾಕ್ಸಿಯಾ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದು ಈಚೆಗೆ, ನನಗೆ ನಲವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಊರವರ ಬಾಯಲ್ಲಿ ನಾನು ಬರೀ ದಡ್ಡ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನನ್ನದು ಕೈ ಕೆಸರಾದರೆ ಮೈಯೆಲ್ಲ ಕೆಸರು. ಸಾಲಿನ ನಡುವಿನ ಕಳೆ ತೆಗೆಯಲು ನಾನು ಎಡೆ ಹೊಡೆದರೆ ಕುಂಟೆ ಸಾಲು ಬಿಟ್ಟು ಬೆಳೆಯನ್ನೇ ಕೊಯ್ಯುತ್ತಿತ್ತು. ಹಾಗಾಗಿ ಅಣ್ಣ ನನ್ನನ್ನು ಹೊರೆ ಹೊರುವುದಕ್ಕಷ್ಟೇ ಇಟ್ಟುಕೊಂಡಿದ್ದ.

ಓದಲು ಬರುವುದಿಲ್ಲ ಎಂಬುದು ಮಾತ್ರ ಅವನಿಗೂ ಗೊತ್ತಿರಲಿಲ್ಲ. ಕನ್ನಡಕ ಮರೆತೆ, ಕೈ ಹೊಲಸಾಗಿದೆ ಎಂದು ಏನಾದರೂ ನೆವ ಹೇಳಿ ಪಾರಾಗುತ್ತಿದ್ದೆ.

ಕಳೆದ ವರ್ಷ ನಾನೇ ಹಟ ಹಿಡಿದೆ, ನನಗೂ ಒಂದು ಹೊಲ ಬಿಡು ಎಂದು. "ಎರಡ ಎಕರೆ ಮೆಣಸಿನಕಾಯಿ ನೋಡ್ಕೋ. ಕೆಡಿಸಿದ್ರ ಮತ್ತ ಕೇಳಬ್ಯಾಡ," ಎಂದ ಅಣ್ಣ. ಆ ಎರಡು ಎಕರೆಯಲ್ಲಿ ನಾನು ಮೊದಲ ಸಲ ತಲೆ ಎತ್ತಿ ನಡೆದೆ.

ಹೂ ಬಿಡುವ ಹೊತ್ತಿಗೆ ನುಸಿ ಬಿತ್ತು. ಮನೆಯಲ್ಲಿ ಔಷಧಿಯ ಎರಡು ಬಿಳಿ ಡಬ್ಬಿಗಳಿದ್ದವು. ಒಂದು ಹುಳಕ್ಕೆ ಹೊಡೆಯುವ ಎಣ್ಣೆ, ಇನ್ನೊಂದು ಬದುವಿನ ಹುಲ್ಲು ಸಾಯಿಸುವ ಕಸದ ಎಣ್ಣೆ. ಕೆಂಪು ಮುಚ್ಚಳ ಹುಳಕ್ಕೆ, ನೀಲಿ ಮುಚ್ಚಳ ಹುಲ್ಲಿಗೆ. ನನ್ನ ಓದು ಅಷ್ಟೇ. ವಾರದ ಹಿಂದೆ ಎರಡನ್ನೂ ಬಿಚ್ಚಿ ಮೂಸಿ ನೋಡುವಾಗ ಮುಚ್ಚಳಗಳು ಕೈಜಾರಿ ಬಿದ್ದಿದ್ದವು. ತಡವರಿಸಿ ಎತ್ತಿ ಹಾಕಿದ್ದೆ, ಗೊತ್ತಿಲ್ಲದೆ ಅದಲುಬದಲು ಮಾಡಿ.

ಪಂಪಿಗೆ ಸುರಿಯುವಾಗ ಎಂದಿನ ಘಾಟು ಬರಲಿಲ್ಲ. ಕೈ ಅಲ್ಲೇ ನಿಂತಿತು. ಬಾಜು ಹೊಲದಲ್ಲಿ ಜನರಿದ್ದರು. ಡಬ್ಬಿ ತೋರಿಸಿ ಇದೇನೆಂದು ಕೇಳಿದ್ದರೆ ಸಾಕಿತ್ತು. ನಾಚಿಕೆಯಾಯಿತು. ಹೊಡೆದೆ. ಎರಡೂ ಎಕರೆ ಹೊಡೆದೆ.

ನಾಲ್ಕನೇ ದಿನಕ್ಕೆ ಗಿಡಗಳು ಬದುವಿನ ಹುಲ್ಲಿನ ಹಾಗೆಯೇ ಹಳದಿಯಾಗಿ ತಲೆಬಾಗಿದವು. ನಾನು ಸಾಲಿನ ನಡುವೆ ಕೂತು ಒಂದೊಂದೇ ಗಿಡ ಮುಟ್ಟುತ್ತ ಅತ್ತೆ. ಅಣ್ಣ ಬಂದು ನೋಡಿದವನೇ, "ಅಂಗಡ್ಯಾಂವ ಡೂಪ್ಲಿಕೇಟ್ ಎಣ್ಣಿ ಕೊಟ್ಟಾನ. ನಡಿಲೇ, ಕೇಳೂಣು," ಎಂದು ಕೆಂಪು ಮುಚ್ಚಳವನ್ನಷ್ಟೇ ನೋಡಿ ಡಬ್ಬಿ ಹಿಡಿದು ನನ್ನನ್ನು ಕುಂದಗೋಳದ ಅಂಗಡಿಗೆ ಕರೆದೊಯ್ದ. ದಾರಿಯುದ್ದಕ್ಕೂ ಬಾಯಿ ತೆರೆಯಬೇಕೆಂದುಕೊಂಡೆ. ಆಗಲಿಲ್ಲ.

ಅಂಗಡಿಯ ಮುದುಕನ ಅಂಗಿಗೇ ಅಣ್ಣ ಕೈ ಹಾಕಿದ. "ಇಷ್ಟ ವರ್ಷ ವ್ಯಾಪಾರ ಮಾಡೀನ್ರಿ, ಒಮ್ಮೆರ ಮೋಸ ಮಾಡೀನೇನ್ರಿ?" ಎಂದು ಆತ ನನ್ನ ಕಡೆ ನೋಡಿದ. ನನಗೆ ತಡೆಯಲಾಗಲಿಲ್ಲ.

"ಅವರನ್ನ ಬಿಡಣ್ಣ. ನಾನ ಕಸದ ಎಣ್ಣಿ ಹೊಡದೀನಿ. ನನಗ ಓದಾಕ ಬರೂದಿಲ್ಲ."

"ಏಳನೇ ಕ್ಲಾಸ ಪಾಸಾಗೀಯಲ್ಲಲೇ!"

"ಬಾಜೂದವನ್ನ ನೋಡಿ ಬರದಿದ್ದೆ."

ಅಣ್ಣ ಕೈ ಬಿಟ್ಟ. ಮುದುಕನಿಗೆ ಕೈ ಮುಗಿದು ಹೊರಗೆ ಬಂದ. ಬೈಕಿನ ಹತ್ತಿರ ನಿಂತು, "ಒಂದ ತಾಟಿನ್ಯಾಗ ಉಂಡ ಬೆಳದೀವಿ. ನನಗ್ಯಾಕ ಹೇಳಲಿಲ್ಲ?" ಎಂದು ಕೇಳಿದ.

"ಹೇಳಿದ್ರ ಹೊಲಾ ನನ್ನ ಕೈಯಾಗ ಕೊಡ್ತಿದ್ದೇನು?"

ಸುಳ್ಳಾದರೂ ಹೌದು ಎನ್ನಲಿ ಎಂದು ಅವನ ಮುಖ ನೋಡುತ್ತ ನಿಂತೆ. ಅವನು ಬೈಕಿಗೆ ಕಿಕ್ ಹೊಡೆದ.