ನಗುಮುಖದ ಟೂಲ್‌ಬಾರ್

೨೦೦೬ರಲ್ಲಿ ನಾನು ಕುಮಟಾದ ಒಂದು ಸೈಬರ್ ಸೆಂಟರ್ ನೋಡಿಕೊಳ್ಳುತ್ತಿದ್ದೆ. ಮೂಲೆಯ ಕಂಪ್ಯೂಟರ್ ಹೆಂಗಸರಿಗೇ ಮೀಸಲು. ಅದಕ್ಕೊಂದು ಹೂವಿನ ಪರದೆ ಕಟ್ಟಿಸಿದ್ದೆ. ಗಂಡಂದಿರು ಗಲ್ಫಿನಲ್ಲಿದ್ದ ಹೆಂಗಸರು ಅಲ್ಲಿ ಕೂತು ಮೇಲ್ ಬರೆಯುತ್ತಿದ್ದರು. ಒಬ್ಬರು ಎದ್ದ ಕೂಡಲೇ ಕೀಬೋರ್ಡ್ ಒರೆಸಿ, ಬ್ರೌಸರಿನ ಹಿಸ್ಟರಿ, ಅಂದರೆ ನೋಡಿದ ಪುಟಗಳ ಜಾಡು, ಅಳಿಸಿದ ಮೇಲೆಯೇ ಇನ್ನೊಬ್ಬರನ್ನು ಕೂರಿಸುತ್ತಿದ್ದೆ.

ಆ ಮಳೆಗಾಲ ಯಾರೋ ಆ ಕಂಪ್ಯೂಟರಿನಲ್ಲೊಂದು ಪುಕ್ಕಟೆ ಟೂಲ್‌ಬಾರ್ ಹಾಕಿದ್ದರು. ಬ್ರೌಸರಿನ ನೆತ್ತಿಗೆ ಅಂಟಿಕೊಳ್ಳುವ ಪಟ್ಟಿ ಅದು. ಹುಡುಕಲೊಂದು ಜಾಗ, ಪಕ್ಕದಲ್ಲಿ ಇ-ಮೇಲಿಗೆ ಸೇರಿಸಲು ಹಳದಿ ನಗುಮುಖಗಳು. ಎಲ್ಲರಿಗೂ ಬಲು ಇಷ್ಟ.

ಒಂದು ಮಧ್ಯಾಹ್ನ ಕಾಗಾಲದ ನಾಗವೇಣಿ ನಾದಿನಿ ಸವಿತಾಳ ಜೊತೆ ಬಂದಳು. ಎರಡು ಸಲ ಗರ್ಭ ನಿಲ್ಲದೆ ನೊಂದವಳು. ಮೂರು ತಿಂಗಳು ತುಂಬುವ ತನಕ ಬಸಿರಿನ ಸುದ್ದಿ ಬಾಯಿಬಿಡಬಾರದೆಂಬ ರೂಢಿ ನಮ್ಮ ಕಡೆ. ಈ ಸಲ ಮಸ್ಕತ್ತಿನ ಗಂಡನಿಗಷ್ಟೇ ತಿಳಿಸಿದ್ದಳು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆ ದಿನ ಸ್ವಲ್ಪ ರಕ್ತ ಕಂಡು ಹೆದರಿ, ಟೂಲ್‌ಬಾರಿನಲ್ಲಿ ಅದನ್ನೇ ಟೈಪು ಮಾಡಿ ಹುಡುಕಿದ್ದಳು. ಅವಳು ಎದ್ದಳು. ನಾನು ಎಂದಿನಂತೆ ಒರೆಸಿದೆ, ಅಳಿಸಿದೆ. ಪರೀಕ್ಷೆಯ ಫಲಿತಾಂಶ ನೋಡಲು ಸವಿತಾ ಕೂತಳು.

“ಅತ್ತಿಗೇ, ಎಂತದೇ ಇದು? ನಾ ರಿಸಲ್ಟ್ ಕೇಳಿದ್ರೆ ಇದು ತೊಟ್ಲು ತೋರಿಸ್ತದೆ! ನಂಗಿನ್ನೂ ಮದ್ವೆನೇ ಆಗ್ಲಿಲ್ಲ ಮಾರಾಯ್ತಿ!”

ಒಂದು ಜಾಹೀರಾತು ಮುಚ್ಚಿದರೆ ಇನ್ನೊಂದು ಏಳುತ್ತಿತ್ತು: ಬಸುರಿಯರ ಗುಳಿಗೆ, ಗರ್ಭಪಾತ ತಡೆಯುವ ಮದ್ದು. ಪರದೆಯೊಳಗೆ ಸವಿತಾಳ ನಗು ನಿಂತಿತು.

“ಅತ್ತಿಗೆ... ನೀನಾ?”

ಬೆಂಚಿನ ಮೇಲಿದ್ದ ನಾಗವೇಣಿ ಬಿಳಿಚಿಕೊಂಡಳು. “ಅಮ್ಮಂಗೆ ಹೇಳ್ಬೇಡ್ವೇ,” ಎಂದಷ್ಟೇ ಅಂದಳು. ಸಂಜೆಗೆ ಕೇರಿಗೆಲ್ಲ ಗೊತ್ತಾಯಿತು.

ಆ ಟೂಲ್‌ಬಾರನ್ನು ತೆಗೆದುಹಾಕಿದೆ. ಕಂಪ್ಯೂಟರ್ ಮತ್ತೆ ಶುರು ಮಾಡಿದರೆ ಅದೇ ಹಳದಿ ಮುಖ ಹಲ್ಲು ಕಿರಿಯುತ್ತಿತ್ತು! ಬಲ್ಲವರನ್ನು ಕೇಳಿದೆ. ಹುಡುಕಿದ ಮಾತನ್ನೆಲ್ಲ ತನ್ನ ಒಡೆಯರಿಗೆ ಕಳಿಸಿ, ಅದಕ್ಕೆ ತಕ್ಕ ಜಾಹೀರಾತು ತಂದು ಸುರಿಯುವುದೇ ಅದರ ಕಸುಬು. ನಾನು ಅಳಿಸಿದ ಜಾಡಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಒಬ್ಬಳ ಹೆದರಿಕೆಯನ್ನು ಸಂತೆಗೆ ಹಾಕಿ ಮೇಲೊಂದು ನಗುಮುಖ ಅಂಟಿಸುವವರು ಎಂಥ ಜನ? ಎಂಜಲಿಗೆ ಕೂರುವ ನೊಣಕ್ಕಾದರೂ ಹಸಿವೆ ಇರುತ್ತದೆ. ಕೊನೆಗೆ ಒಳಗಿದ್ದದ್ದನ್ನೆಲ್ಲ ಅಳಿಸಿ, ಇಡೀ ಕಂಪ್ಯೂಟರನ್ನು ಹೊಸದಾಗಿ ತುಂಬಿದೆ. ಪರದೆಯನ್ನೂ ಬಿಚ್ಚಿ ಒಗೆದೆ, ಅದು ಕೊಳೆಯಾಗದಿದ್ದರೂ.

ಮಗು ಉಳಿಯಿತು. ನಾಗವೇಣಿ ಮಾತ್ರ ಮತ್ತೆ ಆ ಪರದೆಯೊಳಗೆ ಕೂರಲಿಲ್ಲ. ಪೇಟೆಯ ಎಸ್‌ಟಿಡಿ ಬೂತಿನಲ್ಲಿ, ಸರತಿಯಲ್ಲಿ ನಿಂತವರ ಎದುರೇ ಗಂಡನ ಹತ್ತಿರ ಮಾತಾಡುತ್ತಿದ್ದಳು. “ಇಲ್ಲಿ ಎಲ್ಲರೂ ಕೇಳ್ತಾರಲ್ಲೇ,” ಎಂದೆ ಒಮ್ಮೆ. ಇಂದಿಗೂ ಬ್ರೌಸರಿಗೆ ಏನಾದರೂ ಪುಕ್ಕಟೆ ಸೇರಿಸಿಕೊಳ್ಳಿ ಎಂದರೆ ನನ್ನ ಕೈ ತಡೆಯುವುದು ಅವಳ ಉತ್ತರ.

“ಕೇಳ್ಲಿ ಅಕ್ಕಾ. ಕೇಳೋರ ಮುಖ ಆದ್ರೂ ಕಾಣ್ತದಲ್ಲ.”