ಮೀನಿನ ದೀದಿ ಆಡಿದ ನಾಲ್ಕು ಮಾತು

ಹೋದ ತಿಂಗಳು ಸಿಂಧನೂರಿನಿಂದ ಲಿಂಗಸುಗೂರಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಮಸ್ಕಿ ದಾಟಿದ ಮೇಲೆ ರಸ್ತೆಯ ಉಬ್ಬಿಗೆ ಬಸ್ಸು ಎಗರಿ, ಮೇಲೆ ಸಾಮಾನು ಇಟ್ಟ ಕಡೆ ಏನೋ ಒಡೆದ ಸಪ್ಪಳವಾಯಿತು. ಸ್ವಲ್ಪ ಹೊತ್ತಿಗೆ ಘಾಟು ಮೂಗಿಗೆ ಬಡಿಯಿತು. ಒಬ್ಬರು ಪೆಟ್ರೋಲ್ ಎಂದರು, ಇನ್ನೊಬ್ಬರು ಹೊಲಕ್ಕೆ ಹೊಡೆಯುವ ಎಣ್ಣೆ ಎಂದರು. ಕಂಡಕ್ಟರ್ ಬಸ್ಸು ನಿಲ್ಲಿಸಿದ. "ಯಾರದ್ರೀ ಇದು? ಚೀಲ ಬಿಚ್ಚಿ ತೋರಿಸ್ರಿ. ಇಲ್ಲಂದ್ರ ಗಾಡಿ ಮುಂದ ಹೋಗಂಗಿಲ್ಲ" ಎಂದು ಗದರಿದ. ಜನ ಒಬ್ಬರ ಚೀಲವನ್ನು ಒಬ್ಬರು ಓರೆಗಣ್ಣಿನಿಂದ ನೋಡತೊಡಗಿದರು. ಕೊನೆಗೆ ಹಿಂದಿನ ಸೀಟಿನ ಹುಡುಗಿಯೊಬ್ಬಳು ಎದ್ದು, ಅದು ಸಾಸಿವೆ ಎಣ್ಣೆ, ಅಡಿಗೆಗೆ ಒಯ್ಯುತ್ತಿದ್ದೇನೆ ಎಂದಳು. ಯಾರೂ ನಂಬಿದಂತೆ ಕಾಣಲಿಲ್ಲ. ನನಗೆ ಮಾತ್ರ ಅವಳು ಹೇಳುವ ಮೊದಲೇ ಗೊತ್ತಾಗಿತ್ತು. ಅದು ಸಿಂಧನೂರಿನಲ್ಲಿ ನಮ್ಮ ಪಕ್ಕದ ಮನೆಯ ಒಲೆಯಿಂದ ದಿನಾ ಬರುತ್ತಿದ್ದ ಘಾಟು... ದೀದಿಯ ಮನೆಯದು.

ಓಣಿಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದ ನೆನಪು ನನಗಿಲ್ಲ. ಸಣ್ಣವರಿಗೂ ದೊಡ್ಡವರಿಗೂ ಅವರು ಮೀನಿನ ದೀದಿ. ಸಿಂಧನೂರಿನ ಸುತ್ತ ಬಂಗಾಳದ ಆಚೆಯಿಂದ ಬಂದ ನಿರಾಶ್ರಿತರ ಕ್ಯಾಂಪುಗಳಿವೆಯಲ್ಲ, ಅಂಥದೊಂದು ಕ್ಯಾಂಪಿಗೆ ಅವರು ತಾಯಿಯ ಸೆರಗು ಹಿಡಿದು ಬಂದಾಗ ಇನ್ನೂ ಹಲ್ಲು ಬೀಳುವ ವಯಸ್ಸು. ಬೆಳೆದದ್ದು, ಲಗ್ನವಾದದ್ದು, ಮಗನನ್ನು ಹೆತ್ತದ್ದು ಎಲ್ಲ ಇಲ್ಲೇ. ಗಂಡ ತೀರಿಕೊಂಡ ಮೇಲೆ ಮಾರ್ಕೆಟ್ಟಿಗೆ ಹತ್ತಿರವಾಗಲೆಂದು ನಮ್ಮ ಪಕ್ಕದ ಮನೆ ಬಾಡಿಗೆ ಹಿಡಿದಿದ್ದರು. ಕನ್ನಡ ನಮ್ಮಂತೆಯೇ, ನಮಗಿಂತ ಒಂದು ಕೈ ಹೆಚ್ಚೇ. ಮಾರ್ಕೆಟ್ಟಿನಲ್ಲಿ ಅವರು ಬಾಯಿ ತೆಗೆದರೆ ಚೌಕಾಸಿಗೆ ಬಂದವರು ಸುಮ್ಮನೆ ಮೀನು ತೂಗಿಸಿಕೊಂಡು ಹೋಗುತ್ತಿದ್ದರು. ಮನೆಯೊಳಗೆ ಮಗನ ಜೊತೆ ಮಾತ್ರ ಅವರ ಭಾಷೆ. ಅದೇ ನನ್ನ ಅತ್ತೆಗೆ ಗುಮಾನಿ. ಗೋಡೆಗೆ ಕಿವಿ ಇಟ್ಟು, "ನಮ್ಮ ಸುದ್ದಿನ ಮಾತಾಡಾಕತ್ತಾರ ನೋಡು" ಎನ್ನುತ್ತಿದ್ದರು. ಅದೇ ಅತ್ತೆ ಜ್ವರ ಬಂದು ಮಲಗಿದಾಗ ಕಾಲು ತಿಕ್ಕಿದವರು ದೀದಿ.

ನಾನಾಗ ಕೆಲವು ಅಕ್ಕಿ ಗಿರಣಿಯವರು ಸೇರಿ ಕಟ್ಟಿಕೊಂಡ ಒಂದು ಸಣ್ಣ ಕೂಟದ ಆಫೀಸಿನಲ್ಲಿದ್ದೆ. ಫೋನು ಎತ್ತುವುದು, ಟೈಪು ಮಾಡುವುದು, ಮೀಟಿಂಗಿಗೆ ಚಹಾ ಹೇಳುವುದು ನನ್ನ ಕೆಲಸ. ಕೂಟದ ಹಿರಿಯರನ್ನು ಎಲ್ಲರೂ ಸಾವ್ಕಾರರು ಎನ್ನುತ್ತಿದ್ದರು. ಆ ವರ್ಷ ಸುತ್ತಲಿನ ದೇಶಗಳ ಆರ್ಥಿಕ ಶೃಂಗಸಭೆ ನಮ್ಮ ದೇಶದಲ್ಲಿ ನಡೆಯುವುದಿತ್ತು. ಯಾವ ಸರಕಿಗೆ ಯಾರು ಬಾಗಿಲು ತೆರೆಯಬೇಕು, ಯಾವುದಕ್ಕೆ ಸುಂಕ ಇಳಿಸಬೇಕು ಎಂದು ಅದಕ್ಕೂ ಮುಂಚೆ ದಿಲ್ಲಿಯಲ್ಲಿ ಮಾತುಕತೆ ನಡೆದಿತ್ತು. ಪೇಪರಿನಲ್ಲಿ ಓದಿ, ನಮಗೂ ಅದಕ್ಕೂ ಏನು ಸಂಬಂಧ ಎಂದು ಮಡಚಿಡುತ್ತಿದ್ದೆವು. ಆಮೇಲೆ ಸುದ್ದಿ ಬಂತು: ಪೂರ್ವದ ನೆರೆ ದೇಶದ ನಿಯೋಗವೊಂದು, ಅಕ್ಕಿ ಕೊಳ್ಳುವ ಮಾತು ಮುಗಿಸುವ ಮೊದಲು ಗದ್ದೆ ಗಿರಣಿಗಳನ್ನು ಕಣ್ಣಾರೆ ನೋಡಲು ಸಿಂಧನೂರಿಗೇ ಬರುತ್ತದಂತೆ. ಶೃಂಗಸಭೆಯಲ್ಲಿ ಸಹಿ ಬೀಳುವ ಒಪ್ಪಂದದಲ್ಲಿ ನಮ್ಮ ಅಕ್ಕಿಯೂ ಸೇರಬಹುದು.

ಅಂದಿನಿಂದ ಆಫೀಸಿನ ಗಾಳಿಯೇ ಬದಲಾಯಿತು. ಗಿರಣಿಯವರು ಒಬ್ಬರನ್ನೊಬ್ಬರು ನಂಬಲಿಲ್ಲ. ಬರುವವರನ್ನಂತೂ ಮೊದಲೇ ನಂಬಲಿಲ್ಲ. ನಮ್ಮ ದರ ತಿಳಿದುಕೊಂಡು ಬೇರೆ ಕಡೆ ಹೋಗಿ ಇಳಿಸಿ ಕೇಳುವವರು ಇವರು ಎಂಬ ಮಾತು ಮೀಟಿಂಗಿನಲ್ಲಿ ಮತ್ತೆ ಮತ್ತೆ ಬಂತು. ಒಂದು ದಿನ ಎಲ್ಲರೂ ಎದ್ದು ಹೋದ ಮೇಲೆ ಸಾವ್ಕಾರರು ನನ್ನನ್ನು ಕರೆದರು.

"ತಂಗಿ, ನಿಮ್ಮ ಪಕ್ಕದ ಮನಿ ಮೀನಿನಾಕಿಗೆ ಆ ಬರೋ ಮಂದಿ ಭಾಷಾ ಬರ್ತೈತಲ್ಲ? ಊಟದ ಅಡಿಗಿ ಆಕಿ ಕಡೆ ಮಾಡಿಸೂಣು. ಬಡಿಸಾಕೂ ಆಕಿನ ಇರ್ಲಿ. ಅವರು ತಮ್ಮತಮ್ಮೊಳಗ ಏನ್ ಮಾತಾಡ್ತಾರ, ಎಲ್ಲಿಗಿ ಬಂದು ನಿಲ್ತಾರ, ಕೇಳಿಸ್ಕೊಂಡು ನನಗ ಹೇಳ್ಲಿ. ಭಾಷಾ ಬರ್ತೈತಿ ಅಂತ ಮಾತ್ರ ತೋರಿಸಬಾರ್ದು."

ಸಂಜೆ ಹೋಗಿ ದೀದಿಗೆ ಅಷ್ಟನ್ನೂ ಹೇಳಿದೆ. ಹಿತ್ತಲಲ್ಲಿ ಕೂತು ಮೀನಿನ ಹುರುಪೆ ತೆಗೆಯುತ್ತಿದ್ದರು. ಕೈ ನಿಲ್ಲಲಿಲ್ಲ.

"ಅಡಿಗಿ ಮಾಡ್ತೀನಿ ಅಂತ ಹೇಳವ್ವ."

"ಮತ್ತ ಆ ಉಳಿದದ್ದು, ದೀದಿ?"

"ಅಡಿಗಿ ಮಾಡ್ತೀನಿ ಅಂತ ಹೇಳು."

ಬೇಡವೆನ್ನುವ ಹಾಗೂ ಇರಲಿಲ್ಲ ಅವರಿಗೆ. ಮಗ ಸಾವ್ಕಾರರ ಲಾರಿ ಓಡಿಸುತ್ತಿದ್ದ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಕ್ಯಾಂಪಿನ ಎಷ್ಟೋ ಮಂದಿಗೆ ಈ ದೇಶದವರೆಂಬ ಕಾಗದ ಇನ್ನೂ ಬಂದಿರಲಿಲ್ಲ, ದೀದಿಗೂ ಬಂದಿರಲಿಲ್ಲ. ಯಾವ ಕಚೇರಿಯಲ್ಲಿ ಯಾವ ಮಾತು ಹೇಳಬೇಕೆಂದು ಬಲ್ಲವರು ಸಾವ್ಕಾರರು.

ನಿಯೋಗ ಬಂದ ದಿನ ಬೆಳಿಗ್ಗೆ ಗೊರೇಬಾಳದ ಗದ್ದೆ, ಆಮೇಲೆ ಒಂದು ಗಿರಣಿ, ಮಧ್ಯಾಹ್ನ ಗೆಸ್ಟ್‌ಹೌಸಿನಲ್ಲಿ ಊಟ. ಬಂದವರಲ್ಲಿ ಮುಖ್ಯಸ್ಥರು ಕನ್ನಡಕದ ನಡುವಯಸ್ಸಿನವರು, ನಮ್ಮ ಅಧಿಕಾರಿಗಳೊಡನೆ ಇಂಗ್ಲಿಷಿನಲ್ಲೇ ಮಾತು. ಅವರ ಪಕ್ಕ ಒಬ್ಬ ಮುದುಕ ವ್ಯಾಪಾರಿ, ಬಿಳಿ ಜುಬ್ಬಾ, ಬೆಳಗಿನಿಂದ ತುಟಿ ಪಿಟಕ್ಕೆಂದಿರಲಿಲ್ಲ. ಗಿರಣಿಯಲ್ಲಿ ಅಕ್ಕಿಯನ್ನು ಅಂಗೈಯಲ್ಲಿ ತಿಕ್ಕಿ ಮೂಸಿ ನೋಡಿದ್ದಷ್ಟೇ. ಅವನು ಮೂಸಿದ್ದೂ ಸಾವ್ಕಾರರಿಗೆ ಸಂಶಯ ಹುಟ್ಟಿಸಿತ್ತು.

ದೀದಿ ತಲೆ ಮೇಲೆ ಸೆರಗು ಹೊದ್ದು, ನಮ್ಮ ಕಡೆಯ ಹೆಂಗಸರ ಹಾಗೆಯೇ ಬಡಿಸಿದರು. "ಇನ್ನೊಂದೀಟು ಹಾಕ್ಲೇನ್ರಿ?" ಎಂದು ಕನ್ನಡದಲ್ಲೇ ಕೇಳಿದರು. ಸಾಸಿವೆ ಅರೆದು ಮಾಡಿದ ಮೀನಿನ ಸಾರು ಬಾಯಿಗಿಟ್ಟ ಮುದುಕ ತಟ್ಟನೆ ಉಣ್ಣುವುದು ನಿಲ್ಲಿಸಿದ. ತಲೆಯೆತ್ತಿ ದೀದಿಯನ್ನು ನೋಡಿ ಅವನ ಭಾಷೆಯಲ್ಲಿ ಏನೋ ಕೇಳಿದ. ದೀದಿ ಕೇಳಿಸಲಿಲ್ಲವೆಂಬಂತೆ ಮುಂದಿನವರಿಗೆ ಬೇಳೆ ಹಾಕಿದರು. ಆಮೇಲೆ ನಿಯೋಗದವರು ತಮ್ಮೊಳಗೇ ಮಾತಿಗಿಳಿದರು. ದನಿ ಏರಿತು, ಇಳಿಯಿತು. ದೀದಿಯ ಮುಖದಲ್ಲಿ ಏನೂ ಇಲ್ಲ. ಸಾವ್ಕಾರರ ಕಣ್ಣು ಮಾತ್ರ ಅವರ ಮುಖ ಬಿಟ್ಟು ಕದಲಲಿಲ್ಲ.

ಅನ್ನದ ಪಾತ್ರೆ ತುಂಬಿಕೊಳ್ಳಲು ದೀದಿ ಹಿಂದಿನ ಪಡಸಾಲೆಗೆ ಬಂದಾಗ ಸಾವ್ಕಾರರೂ ಎದ್ದು ಬಂದರು. ನಾನು ಅಲ್ಲೇ ತಟ್ಟೆ ಒರೆಸುತ್ತಿದ್ದೆ.

"ಏನಂದ್ರು?"

"ಮೀನು ಚಲೋ ಆಗೈತಿ ಅಂದ್ರು."

"ಆಟ ಆಡಬ್ಯಾಡ. ದರದ ಮಾತು ಏನಾತು?"

"ಕೇಳಿಸ್ಕೊಂಡೀನಿ ರೀ. ಹೇಳಂಗಿಲ್ಲ. ಉಣ್ಣಾಕ ಕುಂತೋರ ಮಾತು ಹೊತ್ಕೊಂಡು ಬಂದು ಮಾರಾಕ ನನ್ನ ಕಡಿಂದ ಆಗಂಗಿಲ್ಲ."

ಸಾವ್ಕಾರರ ದನಿ ತಗ್ಗಿತು. ಅವರ ದನಿ ತಗ್ಗಿದರೇ ನಮಗೆಲ್ಲ ಹೆದರಿಕೆ. "ನೀ ಯಾರ ಕಡ್ಯಾಕಿ? ನಿನ್ನ ಮಗ ನನ್ನ ಗಾಡಿ ಓಡಿಸ್ತಾನ. ನಿನ್ನ ಕಾಗದ ಇನ್ನೂ ಕಚೇರ್ಯಾಗ ಐತಿ. ನೆನಪಿರ್ಲಿ."

ದೀದಿ ಕೈ ತೊಳೆದು ಸೆರಗಿಗೆ ಒರೆಸಿಕೊಂಡರು. ಅನ್ನದ ಪಾತ್ರೆ ಎತ್ತಿಕೊಂಡು ಒಳಗೆ ಹೋಗಿ ಮೇಜಿನ ಮೇಲಿಟ್ಟರು. ಇಟ್ಟು, ನೆಟ್ಟಗೆ ನಿಂತು, ಬಂದವರ ಕಡೆ ನೋಡಿ ಅವರದೇ ಭಾಷೆಯಲ್ಲಿ ನಾಲ್ಕು ಮಾತು ಆಡಿದರು.

ಊಟ ನಿಂತೇ ಹೋಯಿತು. ಮುಖ್ಯಸ್ಥರ ಕೈ ತಟ್ಟೆಯ ಮೇಲೇ ಉಳಿಯಿತು. ಮುದುಕ ಎದ್ದು ನಿಂತು ಏನೋ ಕೇಳಿದ. ದೀದಿ ಒಂದೇ ಒಂದು ಪದ ಹೇಳಿದರು. ಅದಕ್ಕೆ ಅವನು ಸ್ವಲ್ಪ ಉದ್ದಕ್ಕೇ ಏನೋ ಹೇಳಿದ, ಮೆತ್ತಗೆ, ತಪ್ಪು ತನ್ನದೇ ಎನ್ನುವವನ ಹಾಗೆ. ದೀದಿ ಕುರ್ಚಿಯ ಬೆನ್ನು ಹಿಡಿದುಕೊಂಡರು. ಮುದುಕ ಕರ್ಚೀಫು ತೆಗೆದು ಕಣ್ಣೊರೆಸಿಕೊಂಡ. ನಮ್ಮವರಲ್ಲಿ ಒಬ್ಬರಿಗೂ ಒಂದು ಅಕ್ಷರ ತಿಳಿಯಲಿಲ್ಲ.

ದಿಲ್ಲಿಯಿಂದ ಬಂದ ಅಧಿಕಾರಿ ಏನಾಯಿತೆಂದು ಕೇಳಿದಾಗ ಮುಖ್ಯಸ್ಥರು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ಈ ತಾಯಿಗೆ ನಮ್ಮ ಭಾಷೆ ತಿಳಿಯುತ್ತದಂತೆ, ಇಲ್ಲಿ ಆಡುವ ಮಾತನ್ನು ನೋಡಿ ಆಡಿ ಎಂದರು. ಮುದುಕ ಕೇಳಿದ್ದೇನು, ದೀದಿ ಹೇಳಿದ್ದೇನು ಎಂಬುದನ್ನು ಅವರು ಬಿಡಿಸಿ ಹೇಳಲಿಲ್ಲ. ಅಧಿಕಾರಿಯ ಮುಖ ಕೆಂಪಾಯಿತು. ಆ ಮೇಲೆ ಎಲ್ಲರೂ ಬಹಳ ಮರ್ಯಾದೆಯಿಂದ ಮಾತಾಡಿದರು, ಯಾರೂ ಏನನ್ನೂ ಹೇಳಲಿಲ್ಲ. ನಿಯೋಗದ ಕಾರುಗಳು ಮಸ್ಕಿಯ ಶಾಸನ, ಮುದಗಲ್ಲಿನ ಕೋಟೆ ನೋಡಿಕೊಂಡು ಹಾಗೇ ಹೊರಟುಹೋದವು.

ಶೃಂಗಸಭೆ ನಡೆಯಿತು, ಒಪ್ಪಂದಕ್ಕೆ ಸಹಿಯೂ ಬಿತ್ತು. ಅದರಲ್ಲಿ ಅಕ್ಕಿ ಇತ್ತು, ನಮ್ಮ ಅಕ್ಕಿ ಇರಲಿಲ್ಲ. ಇಲ್ಲಿಂದ ಹಡಗಿನ ಬಂದರು ದೂರ, ಸಾಗಣೆ ದುಬಾರಿ ಬೀಳುತ್ತದೆ ಎಂದು ಅಧಿಕಾರಿ ಫೋನಿನಲ್ಲಿ ಹೇಳಿದ್ದನ್ನು ನಾನೇ ಕೇಳಿ ಸಾವ್ಕಾರರಿಗೆ ತಿಳಿಸಿದೆ. ಅವರು ತಲೆಯನ್ನೂ ಎತ್ತಲಿಲ್ಲ. "ಬಂದರು ನಿನ್ನೆ ಮೊನ್ನೆ ದೂರ ಆತೇನು? ಆಕಿನ ಕೆಡಿಸಿದ್ಲು" ಎಂದರು. ವಾರದೊಳಗೆ ದೀದಿಯ ಮಗನ ಕೆಲಸ ಹೋಯಿತು.

ಊರಿಗೆ ಅಷ್ಟೇ ಸಾಕಾಗಿತ್ತು. ಮುದುಕ ದೀದಿಯ ಅಣ್ಣನಂತೆ. ಅಲ್ಲ, ಮೊದಲ ಗಂಡನಂತೆ. ಕೈಯಲ್ಲಿ ಏನೋ ಇಟ್ಟು ಹೋದನಂತೆ. ಮೀನು ಕೊಳ್ಳಲು ಬಂದವರು ಮೀನು ನೋಡುವ ಬದಲು ದೀದಿಯ ಕಿವಿ ಕೊರಳು ನೋಡುತ್ತಿದ್ದರು, ಹೊಸ ಬಂಗಾರವೇನಾದರೂ ಕಂಡೀತೇ ಎಂದು. ಅಲ್ಲಿಯತನಕ ಸಲುಗೆಯಿಂದ ಬಂದು ಹೋಗುತ್ತಿದ್ದ ಓಣಿಯ ಹೆಂಗಸರು ಅವರು ಬಂದಾಗ ಮಾತು ನಿಲ್ಲಿಸುವುದನ್ನು ಕಲಿತರು. ನಮ್ಮ ಅತ್ತೆ ಗೋಡೆಗೆ ಕಿವಿ ಇಡುವುದು ಇನ್ನೂ ಹೆಚ್ಚಾಯಿತು.

ಒಂದು ಮುಂಜಾನೆ ಸಾದಾ ಅಂಗಿಯ ಪೊಲೀಸರೊಬ್ಬರು ಬಂದು, ಠಾಣೆಗೆ ಬಂದು ಹೋಗಬೇಕು ಎಂದರು. ದೀದಿ ಒಬ್ಬರೇ ಹೊರಟದ್ದು ನೋಡಿ ನಾನೂ ಚಪ್ಪಲಿ ಮೆಟ್ಟಿದೆ. ಠಾಣೆಯಲ್ಲಿ ಪೊಲೀಸರೇನೂ ಗದರಲಿಲ್ಲ. ಕುರ್ಚಿ ಕೊಟ್ಟು, ಚಹಾ ತರಿಸಿ ಕೇಳಿದರು.

"ಆ ಮುದುಕ ನಿಮಗ ಏನ್ ಕೇಳಿದ?"

"ನಿನ್ನ ಊರು ಯಾವುದು ಅಂತ ಕೇಳಿದ್ರು."

"ನೀವೇನಂದ್ರಿ?"

"ಊರ ಹೆಸರು ಹೇಳಿದೆ." ದೀದಿ ಆ ಹೆಸರನ್ನು ಅಲ್ಲಿಯೂ ಒಮ್ಮೆ ಹೇಳಿದರು.

"ಆಮ್ಯಾಲೆ?"

"ಆ ಊರು ಈಗಿಲ್ಲ ಅಂದ್ರು."

"ಊರು ಹೆಂಗ ಇಲ್ದಂಗಾಗ್ತೈತ್ರಿ?"

"ಹೊಳಿ ತಿಂದೈತಂತ. ದಂಡಿ ಕುಸ್ಕೊಂತ ಕುಸ್ಕೊಂತ ಬಂದು, ಮನಿ, ಕೆರಿ, ಗುಡಿ... ಎಲ್ಲಾ ಹೊಳ್ಯಾಗ ಹೋಗ್ಯಾವಂತ."

ಪೊಲೀಸರು ಬಹಳ ಹೊತ್ತು ದೀದಿಯ ಮುಖವನ್ನೇ ನೋಡಿದರು. ನಮ್ಮ ಕಡೆ ಹೊಳೆಯೆಂದರೆ ಬೇಸಿಗೆಯಲ್ಲಿ ಬಂಡೆ ಎದ್ದು ಕಾಣುವ ಹೊಳೆ. "ಹೊಳಿ ಊರಿಗೂರ ತಿಂತೈತೇನು?" ಎಂದು ನನ್ನನ್ನು ಕೇಳಿದರು. ನನಗೇನು ಗೊತ್ತು... ದೀದಿ ಸುಳ್ಳು ಹೇಳುವವರಲ್ಲ ಎಂದೆ. ಅವರು ನಕ್ಕು, "ಹೋಗಿ ಬರ್ರಿ. ಬೇಕಾದ್ರ ಮತ್ತ ಕರೀತೀವಿ" ಎಂದರು. ಮತ್ತೆ ಎರಡು ಮೂರು ಸಲ ಕರೆದರು. ಅದೇ ಪ್ರಶ್ನೆ, ಅದೇ ಉತ್ತರ.

ಮೊದಲ ಸಲ ಠಾಣೆಯಿಂದ ಬರುವಾಗ ದೀದಿ ಕಾಲುವೆಯ ಸೇತುವೆಯ ಮೇಲೆ ನಿಂತುಬಿಟ್ಟರು. ಅಷ್ಟು ವರ್ಷ ಅವರು ಅಳುವುದನ್ನು ನಾನು ಕಂಡಿರಲಿಲ್ಲ, ಅಂದೂ ಅಳಲಿಲ್ಲ.

"ಸಾಯೋತನಕ ನಮ್ಮವ್ವ ಆ ಕೆರಿ ಸುದ್ದಿನ ಹೇಳ್ತಿದ್ಲವ್ವ. ಕಾಗದ ಬಂದ ಮ್ಯಾಲೆ ಒಂದ್ಸಲ ಹೋಗಿ ನೋಡ್ಕೊಂಡು ಬರ್ತೀನಿ ಅಂತ ಮನಸಿನ್ಯಾಗ ಇತ್ತು. ಈಗ ಹೋಗಾಕ ಜಾಗಾನ ಇಲ್ಲಂತ. ಅಂದ ಮ್ಯಾಲೆ ನನ್ನ ಊರು ಇದ ಒಂದ ಆತು..." ಸೆರಗು ಸರಿಮಾಡಿಕೊಂಡು, "ಇಲ್ಲಿಯೋರು ನಂಬವಲ್ರು" ಎಂದರು.

ಆ ಬೇಸಿಗೆಗೆ ಅವರು ಮನೆ ಬಿಟ್ಟು ಕ್ಯಾಂಪಿಗೆ ಮರಳಿದರು. ನಾನು ಆಫೀಸು ಬಿಟ್ಟೆ. ನನ್ನ ಗಂಡನಿಗೆ ಲಿಂಗಸುಗೂರಿಗೆ ವರ್ಗವಾಯಿತು. ಮೊದಮೊದಲು ಫೋನು ಮಾಡುತ್ತಿದ್ದೆ, ಆಮೇಲೆ ಹಬ್ಬಕ್ಕೊಮ್ಮೆ, ಆಮೇಲೆ...

ಬಸ್ಸಿನಲ್ಲಿ ಎಣ್ಣೆ ಬಾಟಲಿ ಒಡೆದ ದಿನ ಮನೆಗೆ ಬಂದವಳೇ ದೀದಿಯ ಮಗನಿಗೆ ಫೋನು ಹಚ್ಚಿದೆ. "ಅಕ್ಕಾ, ಅವ್ವ ಹೋಗಿ ನಾಕು ತಿಂಗಳಾತು. ನಿಮ್ಮ ಹೊಸಾ ನಂಬರ್ ಇರಲಿಲ್ಲ" ಎಂದ. ಮುಂದಿನ ರವಿವಾರ ಕ್ಯಾಂಪಿಗೆ ಹೋದೆ. ಮಗನಿಗೆ ಕಾಗದ ಬಂದಿದೆ. ದೀದಿಗೆ ಬರಲಿಲ್ಲ. ಸೊಸೆ ಊಟ ಮಾಡದೆ ಕಳಿಸಲಿಲ್ಲ. ದೀದಿ ಕೂತು ಮೀನು ಹೆಚ್ಚುತ್ತಿದ್ದ ಮಣೆಯ ಮೇಲೆ ಈಗ ಅವಳು ಕೂರುತ್ತಾಳೆ.

ಮರಳುವಾಗ ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಾವ್ಕಾರರು ಸಿಕ್ಕರು. ಕೈಗೆ ಕೋಲು ಬಂದಿದೆ, ಗಿರಣಿ ಮಕ್ಕಳ ಕೈಗೆ ಹೋಗಿದೆ. ಗುರುತು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ದೀದಿಯ ಸುದ್ದಿ ಅವರಿಗೂ ತಿಳಿದಿತ್ತು. ನನ್ನ ಕಡೆ ತಿರುಗಿ ಕೇಳಿದರು.

"ಈಗರ ಖರೇ ಹೇಳು ತಂಗಿ. ಅವತ್ತು ಆ ಮುದುಕನ ಕೂಡ ಆಕಿ ಏನ್ ಮಾತಾಡಿದ್ಲು?"

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಊರು ಕೇಳಿದ್ದು, ಹೇಳಿದ್ದು, ಹೊಳೆ ತಿಂದದ್ದು. ಅವರು ಕೋಲಿನ ಮೇಲೆ ಗದ್ದವಿಟ್ಟು ಕೊನೆಯತನಕ ಕೇಳಿದರು.

"ಅದ ಯಾವ ಊರು? ಹೆಸರು ಹೇಳು ನೋಡೂಣು."

ಬಾಯಿ ತೆಗೆದೆ. ಹೆಸರು ಬರಲಿಲ್ಲ. ಠಾಣೆಯಲ್ಲಿ ನನ್ನ ಎದುರೇ ದೀದಿ ಹೇಳಿದ ಹೆಸರು, ಸಣ್ಣ ಹೆಸರು, ನಾಲಿಗೆಯ ತುದಿಗೆ ಬಂದು ನಿಂತಿತು, ಹೊರಗೆ ಬರಲಿಲ್ಲ. ಅಲ್ಲೇ ಮಗನಿಗೆ ಫೋನು ಮಾಡಿದೆ. "ಅವ್ವಗ ಗೊತ್ತಿತ್ತು ಅಕ್ಕಾ. ನಾ ಯಾವತ್ತೂ ಕೇಳಲಿಲ್ಲ" ಎಂದ.

ಸಾವ್ಕಾರರು ಮೆಲ್ಲಗೆ ನಕ್ಕು, "ನೋಡು ಮತ್ತ" ಎಂದರು. ಲಿಂಗಸುಗೂರಿನ ಬಸ್ಸು ಬಂತು. ಕಿಟಕಿಯ ಪಕ್ಕ ಕೂತು, ದಾರಿಯುದ್ದಕ್ಕೂ ಆ ಹೆಸರನ್ನು ಹುಡುಕುತ್ತಲೇ ಬಂದೆ. ಇನ್ನೂ ಸಿಕ್ಕಿಲ್ಲ.